ಪರ್ಫಾರ್ಮೆನ್ಸ್ ಟೀಮ್ ಕಟ್ಟಬೇಕು, ಎಲ್ಲಿಂದ ಶುರು ಮಾಡಲಿ?

ಪ್ರಶ್ನೆ (ಎಂಜಿನಿಯರಿಂಗ್ ಮ್ಯಾನೇಜರ್, ಬೆಂಗಳೂರು):

ನಮಸ್ಕಾರ ಮೇಡಂ. ನಮ್ಮ ಕಂಪನಿ ಕಾಲೇಜುಗಳಿಗೆ ಸಾಫ್ಟ್‌ವೇರ್ ಮಾಡಿಕೊಡುತ್ತದೆ. ಫೀಸು ಕಟ್ಟುವುದು, ಫಲಿತಾಂಶ ನೋಡುವುದು ಎಲ್ಲ ಅದರಲ್ಲೇ. ಒಟ್ಟು 60 ಜನ ಡೆವಲಪರ್‌ಗಳಿದ್ದೇವೆ. ಈ ಸಲ ಫಲಿತಾಂಶದ ದಿನ ಬೆಳಿಗ್ಗೆ 11ಕ್ಕೆ ಪೇಜ್ ತೆರೆದುಕೊಳ್ಳಲೇ ಇಲ್ಲ. ಮಕ್ಕಳು, ಅಪ್ಪ ಅಮ್ಮಂದಿರು 40 ನಿಮಿಷ ಕಾದರು. ಅದರ ಹಿಂದಿನ ವಾರವಷ್ಟೇ ಲೋಡ್ ಟೆಸ್ಟ್ (ಒಟ್ಟಿಗೆ ಬಹಳ ಜನ ಬಂದರೆ ತಡೆಯುತ್ತದಾ ಅಂತ ನೋಡುವ ಪರೀಕ್ಷೆ) ಮಾಡಿದ್ದೆವು, ಎಲ್ಲ ಹಸಿರಾಗಿತ್ತು. ಈಗ ಮೇಲಿನವರು "ನಾಲ್ಕು ಜನರ ಪರ್ಫಾರ್ಮೆನ್ಸ್ ಟೀಮ್ ಕಟ್ಟಿ, ಇನ್ನು ಮುಂದೆ ಹೀಗಾಗಬಾರದು" ಎಂದಿದ್ದಾರೆ. ಟೆಸ್ಟಿಂಗ್‌ನಿಂದ ನಾಲ್ಕು ಜನರನ್ನು ತೆಗೆದುಕೊಂಡು ಜೆಮೀಟರ್ ಎಂಬ ಲೋಡ್ ಟೆಸ್ಟ್ ಟೂಲ್ ಕಲಿಸಿದರೆ ಸಾಕಾ? ಪ್ರತಿ ರಿಲೀಸ್‌ಗೂ ಇವರ ಒಪ್ಪಿಗೆ ಕಡ್ಡಾಯ ಮಾಡೋಣ ಅಂತಿದ್ದೇನೆ.

ಉತ್ತರ:

ನಮಸ್ಕಾರ. ಆ 40 ನಿಮಿಷ ನಿಮ್ಮವರಿಗೆ ಹೇಗಿತ್ತು ಅಂತ ನನಗೆ ಚೆನ್ನಾಗಿ ಗೊತ್ತು. ನಾನು 19 ವರ್ಷದಿಂದ ಇದೇ ಕೆಲಸದಲ್ಲಿದ್ದೇನೆ. ಎರಡು ಕಡೆ ಇಂಥ ಟೀಮ್ ಕಟ್ಟಿದ್ದೇನೆ. ಮೊದಲನೆಯದು ಉಳಿಯಲಿಲ್ಲ. ಅದು ಯಾಕೆ ಉಳಿಯಲಿಲ್ಲ ಅಂತ ಹೇಳಿದರೆ ನಿಮಗೆ ಅರ್ಧ ಉತ್ತರ ಸಿಕ್ಕಂತೆ.

ಅಲ್ಲಿ ನಮ್ಮನ್ನು ಗೇಟಿನಲ್ಲಿ ಕೂರಿಸಿದ್ದರು. ರಿಲೀಸ್‌ಗೆ ಮೂರು ದಿನ ಇರುವಾಗ ಬಿಲ್ಡ್, ಅಂದರೆ ಕಟ್ಟಿ ಸಿದ್ಧವಾದ ಸಾಫ್ಟ್‌ವೇರ್, ನಮ್ಮ ಕೈಗೆ ಬರುತ್ತಿತ್ತು. ಲೋಡ್ ಹಾಕಿ, ಪಾಸ್ ಅಥವಾ ಫೇಲ್ ಅಂತ ಬರೆದು ಕೊಡಬೇಕಿತ್ತು. ಫೇಲ್ ಎಂದರೆ ಎಲ್ಲರಿಗೂ ಸಿಟ್ಟು, ಯಾಕಂದರೆ ಕೋಡ್ ಬದಲಿಸಲು ಸಮಯವೇ ಇರುತ್ತಿರಲಿಲ್ಲ. ಪಾಸ್ ಎಂದು ಬರೆದ ಮೇಲೆ ಪ್ರೊಡಕ್ಷನ್‌ನಲ್ಲಿ, ಅಂದರೆ ಜನ ನಿಜವಾಗಿ ಬಳಸುವ ಸಿಸ್ಟಮ್‌ನಲ್ಲಿ, ನಿಧಾನವಾದರೆ ತಪ್ಪು ನಮ್ಮದು. ಇದಕ್ಕಿಂತ ದೊಡ್ಡ ನಷ್ಟ ಬೇರೆ ಇತ್ತು. ಡೆವಲಪರ್‌ಗಳು ವೇಗದ ಬಗ್ಗೆ ಯೋಚಿಸುವುದನ್ನೇ ಬಿಟ್ಟುಬಿಟ್ಟರು. "ಅದಕ್ಕೆ ಅವರಿದ್ದಾರಲ್ಲ" ಅನ್ನುತ್ತಿದ್ದರು. ಎರಡು ವರ್ಷದೊಳಗೆ ನಮ್ಮ ಐದು ಜನರಲ್ಲಿ ನಾಲ್ಕು ಜನ ಕೆಲಸ ಬಿಟ್ಟರು.

ಹಾಗಾಗಿ ಒಪ್ಪಿಗೆ ಕಡ್ಡಾಯ ಮಾಡುವ ಯೋಚನೆಯನ್ನು ದಯವಿಟ್ಟು ಕೈಬಿಡಿ. ನಿಧಾನವಾದ ಕೋಡನ್ನು ಸರಿ ಮಾಡುವುದು ಅದನ್ನು ಬರೆದವರ ಕೆಲಸ. ಎಲ್ಲಿ ನಿಧಾನ, ಎಷ್ಟು ನಿಧಾನ, ಯಾಕೆ ನಿಧಾನ ಎಂಬುದನ್ನು ಯಾರು ಬೇಕಾದರೂ ನೋಡಿ ನಂಬುವ ಹಾಗೆ ಮಾಡುವುದು ನಿಮ್ಮ ಟೀಮಿನ ಕೆಲಸ. ಇದನ್ನು ಮೇಲಿನವರ ಹತ್ತಿರ ಮೊದಲೇ ಮಾತಾಡಿ, ಬರವಣಿಗೆಯಲ್ಲಿ ತೆಗೆದುಕೊಳ್ಳಿ. ಆಮೇಲೆ ಕೇಳಿದರೆ ಸಿಗುವುದಿಲ್ಲ.

ಈ ಕೆಲಸಕ್ಕೆ ಸಾಫ್ಟ್‌ವೇರ್ ಪರ್ಫಾರ್ಮೆನ್ಸ್ ಎಂಜಿನಿಯರಿಂಗ್ ಎಂಬ ಹೆಸರು 1980ರ ದಶಕದ ಶುರುವಿನಿಂದಲೇ ಇದೆ. ಅದನ್ನು ಬಳಕೆಗೆ ತಂದವರು ಕಾನಿ ಸ್ಮಿತ್. ಮೊದಲು ಕಟ್ಟೋಣ, ವೇಗವನ್ನು ಕೊನೆಗೆ ನೋಡಿಕೊಳ್ಳೋಣ ಎನ್ನುವ ಅಭ್ಯಾಸದ ವಿರುದ್ಧವೇ ಅವರ ವಾದ ಇತ್ತು. ವಿನ್ಯಾಸ ಮಾಡುವಾಗಲೇ ಲೆಕ್ಕ ಹಾಕಿ ಎಂದರು. 40 ವರ್ಷದ ಮೇಲೂ ನಾವು ಕೊನೆಯ ಮೂರು ದಿನಕ್ಕೇ ತಳ್ಳುತ್ತಿದ್ದೇವೆ, ಅದು ನನಗೆ ಬೇಜಾರು.

ನಾಲ್ಕು ಜನರನ್ನು ಒಟ್ಟಿಗೆ ತೆಗೆದುಕೊಳ್ಳಬೇಡಿ. ಇಬ್ಬರಿಂದ ಶುರು ಮಾಡಿ. ಒಬ್ಬರು ನಿಮ್ಮಲ್ಲೇ ಇರುವ ಡೆವಲಪರ್ ಆಗಿರಲಿ. ಪ್ರೊಡಕ್ಷನ್ ಕೆಟ್ಟಾಗ ಎಲ್ಲರೂ ಯಾರನ್ನು ಕರೆಯುತ್ತಾರೋ ಅವರು. ಅವರನ್ನು ಬಿಟ್ಟುಕೊಡಲು ಅವರ ಮ್ಯಾನೇಜರ್ ಒಪ್ಪುವುದಿಲ್ಲ, ಆದರೂ ಜಗಳ ಮಾಡಿ ತನ್ನಿ. ಇನ್ನೊಬ್ಬರು ಟೆಸ್ಟಿಂಗ್‌ನಿಂದಲೇ ಬರಲಿ. ಆದರೆ ವರದಿ ಕಳಿಸಿ ಸುಮ್ಮನಾಗುವವರು ಬೇಡ. "ಇದು ಯಾಕೆ ಹೀಗೆ?" ಅಂತ ಲಾಗ್ ತೆರೆದು ಕೂರುವವರು ಬೇಕು. ಉಳಿದ ಇಬ್ಬರನ್ನು ಆರು ತಿಂಗಳ ಮೇಲೆ ನೋಡಿ. ಯಾವ ಜ್ಞಾನ ಕಡಿಮೆ ಇದೆ ಅಂತ ಅಷ್ಟರಲ್ಲಿ ನಿಮಗೇ ಗೊತ್ತಾಗಿರುತ್ತದೆ.

ಪ್ರಶ್ನೆ (ಟೆಸ್ಟ್ ಎಂಜಿನಿಯರ್, ಮೈಸೂರು):

ಮೇಡಂ, ಮಧ್ಯೆ ಬಂದಿದ್ದಕ್ಕೆ ಕ್ಷಮಿಸಿ. ಅವರ ಲೋಡ್ ಟೆಸ್ಟ್ ಹಸಿರಾಗಿತ್ತು ಎಂದರಲ್ಲ. ನಮ್ಮಲ್ಲೂ ಎರಡು ಸಲ ಹೀಗೇ ಆಗಿದೆ. ಟೆಸ್ಟ್‌ನಲ್ಲಿ ಪಾಸ್, ನಿಜವಾದ ದಿನ ಫೇಲ್. ಟೂಲ್ ಬದಲಾಯಿಸಬೇಕಾ?

ಉತ್ತರ:

ಕ್ಷಮೆ ಯಾಕಪ್ಪಾ, ತುಂಬಾ ಒಳ್ಳೆಯ ಪ್ರಶ್ನೆ. ಟೂಲ್‌ಗಿಂತ ಮೊದಲು ಟೆಸ್ಟ್ ಬರೆಯುವ ರೀತಿ ನೋಡಬೇಕು.

ಒಂದು ದರ್ಶಿನಿಯ ಕಾಫಿ ಕೌಂಟರ್ ನೆನಪು ಮಾಡಿಕೊಳ್ಳಿ. ಎಷ್ಟು ಬೇಗ ಕಾಫಿ ಕೊಡುತ್ತಾರೆ ಅಂತ ಅಳೆಯಲು ಒಬ್ಬರನ್ನು ಕಳಿಸಿದ್ದೀರಿ. ಅವರು ಒಂದು ಕಾಫಿ ಕೇಳುತ್ತಾರೆ, ಕೈಗೆ ಬಂದ ಮೇಲೆ ಸಮಯ ಬರೆದುಕೊಳ್ಳುತ್ತಾರೆ, ಆಮೇಲೆ ಇನ್ನೊಂದು ಕೇಳುತ್ತಾರೆ. ಮಧ್ಯೆ ಹಾಲು ಮುಗಿದು ಹತ್ತು ನಿಮಿಷ ಕೌಂಟರ್ ನಿಂತಿತು. ಅವರ ಪುಸ್ತಕದಲ್ಲಿ ತಡವಾಗಿದ್ದು ಒಂದೇ ಕಾಫಿ. ಆದರೆ ಆ ಹತ್ತು ನಿಮಿಷದಲ್ಲಿ ಬಾಗಿಲಿನವರೆಗೆ ಸಾಲು ನಿಂತಿತ್ತಲ್ಲ, ಅವರ ಲೆಕ್ಕ ಎಲ್ಲಿ?

ನಮ್ಮ ಲೋಡ್ ಟೆಸ್ಟ್‌ಗಳಲ್ಲಿ ಬಹಳಷ್ಟು ಹೀಗೇ ನಡೆಯುತ್ತವೆ. ಅದರಲ್ಲಿರುವ ಒಬ್ಬೊಬ್ಬ ಬಳಕೆದಾರನೂ ಹಿಂದಿನ ಉತ್ತರ ಬಂದ ಮೇಲೆಯೇ ಮುಂದಿನ ರಿಕ್ವೆಸ್ಟ್ ಕಳಿಸುತ್ತಾನೆ. ಸಿಸ್ಟಮ್ ನಿಂತರೆ ಟೆಸ್ಟೂ ನಿಲ್ಲುತ್ತದೆ. ಗಿಲ್ ಟೆನೆ ಎಂಬ ಎಂಜಿನಿಯರ್ ಈ ತಪ್ಪಿಗೆ ಕೋಆರ್ಡಿನೇಟೆಡ್ ಒಮಿಷನ್ ಎಂದು ಹೆಸರಿಟ್ಟರು. ಸಣ್ಣ ಲೆಕ್ಕ ಮಾಡಿ ನೋಡಿ. ಸೆಕೆಂಡಿಗೆ 10 ರಿಕ್ವೆಸ್ಟ್ ಬರಬೇಕು ಅಂದುಕೊಳ್ಳಿ. ಒಂದು ನಿಮಿಷ ಎಲ್ಲ ಸರಿಯಾಗಿ ನಡೆದು, ಮುಂದಿನ ಒಂದು ನಿಮಿಷ ಸಿಸ್ಟಮ್ ಪೂರ್ತಿ ನಿಂತಿತು. ಕಾದು ಕಾದು ಕಳಿಸುವ ಟೆಸ್ಟ್‌ನಲ್ಲಿ 600 ಒಳ್ಳೆಯ ಉತ್ತರ, 1 ಕೆಟ್ಟ ಉತ್ತರ ಸಿಗುತ್ತದೆ. 99ನೇ ಪರ್ಸೆಂಟೈಲ್, ಅಂದರೆ ನೂರರಲ್ಲಿ 99 ಉತ್ತರಗಳು ಎಷ್ಟು ಸಮಯದೊಳಗೆ ಬಂದವು ಎಂಬ ಸಂಖ್ಯೆ, ಹಸಿರು! ನಿಜವಾಗಿ ಬರಬೇಕಿದ್ದದ್ದು 1200 ರಿಕ್ವೆಸ್ಟ್. ಅದರಲ್ಲಿ 600 ಸಿಕ್ಕಿಬಿದ್ದಿದ್ದವು, ಸರಾಸರಿ 30 ಸೆಕೆಂಡ್ ಕಾದವು. ಅಂದರೆ ಅರ್ಧ ಜನಕ್ಕೆ ಕೆಟ್ಟ ಅನುಭವ, ವರದಿಯಲ್ಲಿ ಅದರ ಸುಳಿವೂ ಇಲ್ಲ.

ಫಲಿತಾಂಶದ ದಿನ 11 ಗಂಟೆಗೆ ಬರುವ ಮಕ್ಕಳು ಒಬ್ಬರಿಗೊಬ್ಬರು ಕಾಯುವುದಿಲ್ಲ. ನಿಮ್ಮ ಸರ್ವರ್ ಸುಸ್ತಾಗಿದೆ ಅಂತ ಸುಮ್ನೆ ಇರುವುದಿಲ್ಲ, ಇನ್ನೂ ಜಾಸ್ತಿ ರಿಫ್ರೆಶ್ ಒತ್ತುತ್ತಾರೆ. ಹಾಗಾಗಿ ಟೆಸ್ಟ್‌ನಲ್ಲೂ ಉತ್ತರ ಬರಲಿ ಬಿಡಲಿ, ನಿಗದಿ ಮಾಡಿದ ವೇಗದಲ್ಲಿ ರಿಕ್ವೆಸ್ಟ್ ಬರುತ್ತಲೇ ಇರಬೇಕು. ಗ್ಯಾಟ್ಲಿಂಗ್, ಕೆ6 ಎಂಬ ಟೂಲ್‌ಗಳೆರಡರಲ್ಲೂ ಇದಕ್ಕೆ ವ್ಯವಸ್ಥೆ ಇದೆ. ಜೆಮೀಟರ್‌ಗೂ 2022ರ 5.5 ಆವೃತ್ತಿಯಲ್ಲಿ ಓಪನ್ ಮಾಡೆಲ್ ಥ್ರೆಡ್ ಗ್ರೂಪ್ ಬಂತು. ಟೂಲ್ ಅದೇ ಇರಲಿ, ಬರೆಯುವುದು ಬದಲಾಗಲಿ.

ಇನ್ನೊಂದು ಮಾತು. ಟೆಸ್ಟ್ ಡೇಟಾಬೇಸ್‌ನಲ್ಲಿ ಎಷ್ಟು ಡೇಟಾ ಇದೆ ನೋಡಿ. ಟೆಸ್ಟ್ ಮಾಡುವ ಮಶೀನ್ ಚಿಕ್ಕದಾದರೆ ಅಷ್ಟು ಚಿಂತೆ ಇಲ್ಲ. ಡೇಟಾ ಚಿಕ್ಕದಾದರೆ ಟೆಸ್ಟೇ ಸುಳ್ಳು. 10 ಸಾವಿರ ಸಾಲು ಇರುವ ಟೇಬಲ್ ಪೂರ್ತಿ ಮೆಮೊರಿಯಲ್ಲಿ ಕೂರುತ್ತದೆ, ಬೇಗ ಹುಡುಕಲು ಬೇಕಾದ ಇಂಡೆಕ್ಸ್ ಇಲ್ಲದಿದ್ದರೂ ಓಡುತ್ತದೆ. ಪೋಸ್ಟ್‌ಗ್ರೆಸ್‌ನಂಥ ಡೇಟಾಬೇಸ್ ಟೇಬಲ್ ಎಷ್ಟು ದೊಡ್ಡದು ಅಂತ ನೋಡಿಕೊಂಡು ಕ್ವೆರಿಗೆ ದಾರಿ ಆರಿಸುತ್ತದೆ. ಚಿಕ್ಕ ಟೇಬಲ್‌ನಲ್ಲಿ ನೀವು ಪರೀಕ್ಷಿಸಿದ ದಾರಿಯೇ ಬೇರೆ, ನಾಲ್ಕು ಕೋಟಿ ಸಾಲಿನಲ್ಲಿ ಅದು ಹಿಡಿಯುವ ದಾರಿಯೇ ಬೇರೆ. ಹೆಸರು, ಫೋನ್ ನಂಬರ್ ಎಲ್ಲ ಅಳಿಸಿ ಬದಲಿಸಿದ, ಆದರೆ ಗಾತ್ರ ಅಷ್ಟೇ ಇರುವ ಡೇಟಾ ತಯಾರು ಮಾಡಿಕೊಳ್ಳುವುದು ಹೊಸ ಟೀಮಿನ ಮೊದಲ ಕೆಲಸ. ಬೇಸರದ ಕೆಲಸ, ಆದರೆ ಬಹಳ ದಿನ ಉಪಯೋಗಕ್ಕೆ ಬರುತ್ತದೆ.

ಪ್ರಶ್ನೆ (ಮೊದಲು ಕೇಳಿದವರು):

ಇದು ನಮ್ಮದೇ ಕಥೆ ಮೇಡಂ. ನಮ್ಮ ಟೆಸ್ಟ್ ಕಾದು ಕಾದು ಕಳಿಸುವಂಥದ್ದೇ. ಆದರೆ ಒಂದು ಅರ್ಥವಾಗಲಿಲ್ಲ. ಆ ದಿನ ಸಿಪಿಯು 45% ದಾಟಿರಲಿಲ್ಲ. ಮತ್ತೆ ಯಾಕೆ ನಿಂತಿತು?

ಉತ್ತರ:

ಆಗ ಎಲ್ಲರೂ ಬೇರೆ ಎಲ್ಲೋ ಸಾಲಿನಲ್ಲಿ ನಿಂತಿದ್ದರು. 1961ರಲ್ಲಿ ಜಾನ್ ಲಿಟಲ್ ಸಾಬೀತು ಮಾಡಿದ ಒಂದು ಸರಳ ಸೂತ್ರ ಇದೆ. ಒಳಗೆ ಇರುವವರ ಸಂಖ್ಯೆ ಅಂದರೆ, ಸೆಕೆಂಡಿಗೆ ಎಷ್ಟು ಜನ ಬರುತ್ತಾರೋ ಅದನ್ನು ಒಬ್ಬೊಬ್ಬರು ಎಷ್ಟು ಹೊತ್ತು ಒಳಗಿರುತ್ತಾರೋ ಅದರಿಂದ ಗುಣಿಸಿದ್ದು. ಸೆಕೆಂಡಿಗೆ 500 ರಿಕ್ವೆಸ್ಟ್, ಒಂದೊಂದಕ್ಕೆ 0.2 ಸೆಕೆಂಡ್ ಅಂದರೆ ಒಳಗೆ 100. ಡೇಟಾಬೇಸ್ ಸ್ವಲ್ಪ ಎಡವಿ ಅದೇ ಉತ್ತರಕ್ಕೆ 2 ಸೆಕೆಂಡ್ ಹಿಡಿದರೆ ಒಳಗೆ 1000. ನಿಮ್ಮ ಥ್ರೆಡ್ ಪೂಲ್, ಅಂದರೆ ಸರ್ವರ್ ಒಳಗೆ ಒಮ್ಮೆಗೆ ರಿಕ್ವೆಸ್ಟ್ ನೋಡಿಕೊಳ್ಳುವ ಕೆಲಸಗಾರರ ಗುಂಪು, 200 ಇದ್ದರೆ? ಉಳಿದ 800 ಬಾಗಿಲಲ್ಲಿ. ಸಿಪಿಯು ಆರಾಮಾಗಿ ಕೂತಿರುತ್ತದೆ, ಯಾಕಂದರೆ ಆ 200 ಥ್ರೆಡ್‌ಗಳೂ ಡೇಟಾಬೇಸ್ ಉತ್ತರಕ್ಕೆ ಕಾಯುತ್ತಿವೆ.

ಡೇಟಾಬೇಸ್ ಕನೆಕ್ಷನ್ ಪೂಲ್ (ಒಮ್ಮೆಗೆ ಡೇಟಾಬೇಸ್ ಜೊತೆ ಇಟ್ಟುಕೊಳ್ಳುವ ಸಂಪರ್ಕಗಳು) ಎಷ್ಟಿತ್ತು ಅಂತ ಇವತ್ತೇ ನೋಡಿ. ನನ್ನ ಊಹೆ ಅಲ್ಲೇ ಇದೆ. ಹಾಗಂತ ಸುಮ್ನೆ ಪೂಲ್ ದೊಡ್ಡದು ಮಾಡಬೇಡಿ, ಸಾಲು ಡೇಟಾಬೇಸ್ ಒಳಗೆ ಹೋಗಿ ನಿಲ್ಲುತ್ತದೆ ಅಷ್ಟೇ.

ಎಲ್ಲೆಲ್ಲಿ ನೋಡಬೇಕು ಎಂಬುದಕ್ಕೆ ಪರ್ಫಾರ್ಮೆನ್ಸ್ ತಜ್ಞ ಬ್ರೆಂಡನ್ ಗ್ರೆಗ್ ಅವರ ಯೂಸ್ ವಿಧಾನವನ್ನು ನಿಮ್ಮ ಟೀಮಿಗೆ ಮೊದಲ ದಿನವೇ ಕಲಿಸಿ. ಸಿಪಿಯು, ಮೆಮೊರಿ, ಡಿಸ್ಕ್, ನೆಟ್‌ವರ್ಕ್, ಪೂಲ್, ಲಾಕ್ ಹೀಗೆ ಪ್ರತಿಯೊಂದಕ್ಕೂ ಮೂರೇ ಪ್ರಶ್ನೆ. ಎಷ್ಟು ಬಳಕೆಯಾಗಿದೆ, ಅದರ ಮುಂದೆ ಸಾಲು ಎಷ್ಟಿದೆ, ತಪ್ಪುಗಳು ಬರುತ್ತಿವೆಯಾ. ನೀವು ಮೊದಲನೆಯದನ್ನು ಮಾತ್ರ, ಅದೂ ಸಿಪಿಯುಗೆ ಮಾತ್ರ ನೋಡಿದ್ದೀರಿ. ಹೆಚ್ಚಿನ ಡ್ಯಾಶ್‌ಬೋರ್ಡ್‌ಗಳು ಅಷ್ಟನ್ನೇ ತೋರಿಸುತ್ತವೆ.

ಪ್ರಶ್ನೆ (ಡೆವಲಪರ್, ಹುಬ್ಬಳ್ಳಿ):

ಅಕ್ಕಾ, ಟೀಮ್ ಸೇರುವವರಿಗೆ ಏನು ಗೊತ್ತಿರಬೇಕು? ಸಂದರ್ಶನದಲ್ಲಿ ಏನು ಕೇಳುತ್ತೀರಿ? ನನಗೆ ಈ ಕಡೆ ಬರಬೇಕು ಅಂತ ಆಸೆ ಇದೆ.

ಉತ್ತರ:

ಬನ್ನಿ, ಖಂಡಿತ ಬನ್ನಿ. ನಾನು ಟೂಲ್ ಬಗ್ಗೆ ಒಂದು ಪ್ರಶ್ನೆಯನ್ನೂ ಕೇಳುವುದಿಲ್ಲ. ಒಂದು ಲಿನಕ್ಸ್ ಮಶೀನ್ ಕೊಡುತ್ತೇನೆ. ಅದರಲ್ಲಿ ಒಂದು ಸಣ್ಣ ಸರ್ವಿಸ್ ನಿಧಾನವಾಗಿ ಓಡುತ್ತಿರುತ್ತದೆ. ಒಂದು ಗಂಟೆ ಸಮಯ, ಜೊತೆಗೆ ನಾನೂ ಕೂತಿರುತ್ತೇನೆ. ಕಾರಣ ಸಿಗದಿದ್ದರೂ ಪರವಾಗಿಲ್ಲ. ಊಹೆ ಮಾಡಿದ ಮೇಲೆ ಅದನ್ನು ಪರೀಕ್ಷಿಸುತ್ತಾರಾ, ಅಥವಾ ಊಹೆಯನ್ನೇ ನಂಬಿ ಸೆಟ್ಟಿಂಗ್ ಬದಲಿಸಲು ಹೋಗುತ್ತಾರಾ, ಅದನ್ನು ನೋಡುತ್ತೇನೆ. ತಮ್ಮ ಊಹೆ ತಪ್ಪು ಅಂತ ಗೊತ್ತಾದಾಗ ಖುಷಿಯಾಗಿ ಮುಂದೆ ಹೋಗುವವರು ಈ ಕೆಲಸಕ್ಕೆ ಹೇಳಿ ಮಾಡಿಸಿದವರು.

ಮನೆಯಲ್ಲೇ ಅಭ್ಯಾಸ ಮಾಡಬಹುದು. ನಿಮ್ಮದೇ ಪ್ರೋಗ್ರಾಮ್‌ಗೆ ಸಮಯ ಎಲ್ಲಿ ಹೋಗುತ್ತಿದೆ ಅಂತ ಅಳೆಯುವ ಪ್ರೊಫೈಲರ್ ಹಾಕಿ, ಅದನ್ನು ಪಟ್ಟಿಗಳಲ್ಲಿ ತೋರಿಸುವ ಫ್ಲೇಮ್ ಗ್ರಾಫ್ ಎಂಬ ಚಿತ್ರ ತೆಗೆಯಿರಿ. ಇದನ್ನೂ ಬ್ರೆಂಡನ್ ಗ್ರೆಗ್ ಅವರೇ 2011ರಲ್ಲಿ ಮೈಎಸ್‌ಕ್ಯೂಎಲ್‌ನ ಒಂದು ಸಮಸ್ಯೆ ಬಿಡಿಸುವಾಗ ಮಾಡಿದ್ದು. ನೋಡುವಾಗ ಒಂದು ಎಚ್ಚರ ಇರಲಿ. ಎಡದಿಂದ ಬಲಕ್ಕೆ ಸಮಯ ಓಡುತ್ತದೆ ಅಂತ ಬಹಳ ಜನ ತಿಳಿಯುತ್ತಾರೆ, ಅದು ಹಾಗಲ್ಲ. ಅಲ್ಲಿ ಫಂಕ್ಷನ್ ಹೆಸರುಗಳು ಅಕ್ಷರದ ಕ್ರಮದಲ್ಲಿ ಇರುತ್ತವೆ. ಅಗಲ ಎಷ್ಟಿದೆ ಅನ್ನುವುದೇ ಮುಖ್ಯ. ಜಾವಾ ಬರೆಯುವವರಾದರೆ ಪ್ರೋಗ್ರಾಮ್ ಓಡುವಾಗ ಒಳಗೆ ನಡೆಯುವುದನ್ನು ದಾಖಲಿಸುವ ಫ್ಲೈಟ್ ರೆಕಾರ್ಡರ್ ಕಲಿಯಿರಿ. 2018ರ ಜೆಡಿಕೆ 11ರಿಂದ (ಜಾವಾದ ಡೆವಲಪರ್ ಕಿಟ್) ಅದು ಎಲ್ಲರಿಗೂ ಮುಕ್ತವಾಗಿದೆ, ಪ್ರೊಡಕ್ಷನ್‌ನಲ್ಲೇ ಓಡಿಸುವಷ್ಟು ಹಗುರ.

ಪ್ರಶ್ನೆ (ಟೀಮ್ ಲೀಡ್, ಬೆಂಗಳೂರು):

ನಮ್ಮದು ಅಮೆರಿಕದ ಕಂಪನಿಯ ಇಲ್ಲಿನ ಆಫೀಸು. ಆರು ಜನರ ಪರ್ಫಾರ್ಮೆನ್ಸ್ ಟೀಮ್ ಇದೆ. ನಿರ್ಧಾರ ಎಲ್ಲ ಅಲ್ಲಿ, ಟೆಸ್ಟ್ ಓಡಿಸುವುದು ಇಲ್ಲಿ. ಅವರು ಸ್ಕ್ರಿಪ್ಟ್ ಕಳಿಸುತ್ತಾರೆ, ನಾವು ರಾತ್ರಿ ಓಡಿಸಿ ಎಕ್ಸೆಲ್ ಕಳಿಸುತ್ತೇವೆ. ಹುಡುಗರಿಗೆ ಬೇಸರ ಬಂದಿದೆ. ಹೇಗೆ ಹಿಡಿದಿಡಲಿ?

ಉತ್ತರ:

ಇದನ್ನು ಓದಿ ಹೊಟ್ಟೆ ಉರಿಯಿತು. ಬೆಂಗಳೂರಿನಲ್ಲಿ ಎಷ್ಟು ಒಳ್ಳೆಯ ಎಂಜಿನಿಯರ್‌ಗಳು ಹೀಗೆ ಎಕ್ಸೆಲ್ ತುಂಬಿಸುತ್ತಾ ಕೂತಿದ್ದಾರೋ. ನಾನೂ ಮೂರು ವರ್ಷ ಹಾಗೆ ಕೂತವಳೇ.

ಸಂಬಳ ಜಾಸ್ತಿ ಮಾಡಿದರೆ ಅವರು ಇನ್ನೊಂದು ವರ್ಷ ಇರುತ್ತಾರೆ, ಅಷ್ಟೇ. ಅವರಿಗೆ ಬೇಕಾಗಿರುವುದು ಪ್ರೊಡಕ್ಷನ್ ನೋಡುವ ಅನುಮತಿ. ಬದಲಿಸಲು ಬೇಡ, ಓದಲು ಸಾಕು. ಮೆಟ್ರಿಕ್ಸ್ (ಅಳತೆಯ ಸಂಖ್ಯೆಗಳು), ಟ್ರೇಸ್ (ಒಂದು ರಿಕ್ವೆಸ್ಟ್ ಹೋದ ದಾರಿ), ಪ್ರೊಫೈಲ್ ಈ ಮೂರನ್ನೂ ಕೇಳಿ. ಭದ್ರತೆ ಕಾರಣ ಹೇಳುತ್ತಾರೆ. ಯಾವ ಗ್ರಾಹಕರ ಮಾಹಿತಿಯೂ ಕಾಣದ ಹಾಗೆ ಕೊಡುವುದು ಹೇಗೆ ಅಂತ ನೀವೇ ಬರೆದುಕೊಂಡು ಹೋಗಿ.

ಆಮೇಲೆ ಒಂದೇ ಒಂದು ಸಂಖ್ಯೆಯನ್ನು ನಿಮ್ಮ ಟೀಮಿನದು ಮಾಡಿಕೊಳ್ಳಿ. ಲಾಗಿನ್ ಆಗಲು ಹಿಡಿಯುವ ಸಮಯ, ಬಿಲ್ ತೆರೆಯುವ ಸಮಯ, ಯಾವುದೋ ಒಂದು. ಅದನ್ನು ಅಳೆಯುವುದು, ಕೆಟ್ಟರೆ ಕಾರಣ ಹುಡುಕುವುದು, ಸಂಬಂಧಪಟ್ಟ ಟೀಮಿನ ಜೊತೆ ಕೂತು ಸರಿ ಮಾಡಿಸುವುದು ಎಲ್ಲ ಬೆಂಗಳೂರಿನಿಂದಲೇ ಆಗಬೇಕು. ನಾವು ಹೀಗೆ ಮಾಡಿದಾಗ ಮೊದಲ ಕಾರಣ ಸಿಗಲು ಏಳು ವಾರ ಹಿಡಿಯಿತು. ಒಂದು ಲಾಗ್ ಸಾಲು. ಪ್ರತಿ ರಿಕ್ವೆಸ್ಟ್‌ಗೂ ಒಂದು ದೊಡ್ಡ ಆಬ್ಜೆಕ್ಟನ್ನು ಪೂರ್ತಿ ಸ್ಟ್ರಿಂಗ್ ಮಾಡುತ್ತಿತ್ತು, ಆ ಸ್ಟ್ರಿಂಗ್ ಎಲ್ಲಿಯೂ ಬರೆಯಲ್ಪಡುತ್ತಿರಲಿಲ್ಲ. ಅದನ್ನು ಹುಡುಕಿದ ಹುಡುಗಿ ಕೆಲಸಕ್ಕೆ ಸೇರಿ ಎಂಟು ತಿಂಗಳಾಗಿತ್ತು. ಆ ಕಡೆಯ ಮೀಟಿಂಗ್‌ನಲ್ಲಿ ಅವಳೇ ವಿವರಿಸಿದಳು. ಮರುವಾರದಿಂದ ನಮಗೆ ಸ್ಕ್ರಿಪ್ಟ್ ಬರುವುದು ನಿಂತಿತು, ಪ್ರಶ್ನೆಗಳು ಬರಲು ಶುರುವಾದವು.

ರಾತ್ರಿ ಟೆಸ್ಟ್ ಇದ್ದರೆ ಮರುದಿನ ರಜೆ ಕೊಡಿ. ಕ್ಯಾಬ್ ವ್ಯವಸ್ಥೆ ನೀವೇ ನೋಡಿಕೊಳ್ಳಿ, ಅವರ ಮೇಲೆ ಬಿಡಬೇಡಿ.

ಪ್ರಶ್ನೆ (ಮೊದಲು ಕೇಳಿದವರು):

ಮೇಡಂ, ಮೇಲಿನವರಿಗೆ ಲೆಕ್ಕ ಬೇಕು. ಈ ಟೀಮ್‌ನಿಂದ ಎಷ್ಟು ಉಳಿಯಿತು ಅಂತ ಮೂರು ತಿಂಗಳಿಗೊಮ್ಮೆ ಕೇಳುತ್ತಾರೆ. ಏನು ತೋರಿಸಲಿ? ಯಾವ ಕೆಲಸ ಮೊದಲು ಹಿಡಿಯಲಿ?

ಉತ್ತರ:

ಎರಡನೆಯದಕ್ಕೆ ಮೊದಲು ಉತ್ತರ ಕೊಡುತ್ತೇನೆ. ಜೀನ್ ಆಮ್ಡಾಲ್ 1967ರಲ್ಲಿ ಹೇಳಿದ ಲೆಕ್ಕ ಇಲ್ಲಿ ದಾರಿ ತೋರಿಸುತ್ತದೆ. ಒಂದು ಪೇಜ್‌ಗೆ 100 ಮಿಲಿಸೆಕೆಂಡ್ ಹಿಡಿಯುತ್ತದೆ, ಅದರಲ್ಲಿ 60 ಡೇಟಾಬೇಸ್‌ನದು. ಅದನ್ನು ಅರ್ಧ ಮಾಡಿದರೆ ಒಟ್ಟು 70ಕ್ಕೆ ಬರುತ್ತದೆ. 5 ಮಿಲಿಸೆಕೆಂಡ್ ಹಿಡಿಯುವ ಭಾಗವನ್ನು ಎಷ್ಟೇ ಜಾಣತನದಿಂದ ಸೊನ್ನೆ ಮಾಡಿದರೂ 95. ಎಂಜಿನಿಯರ್‌ಗಳಿಗೆ ಆ 5 ಬಹಳ ಇಷ್ಟ, ಯಾಕಂದರೆ ಅಲ್ಲಿ ಕೋಡ್ ಬರೆಯುವುದು ಮಜಾ. ಅಳೆದು, ಅಗಲವಾದದ್ದನ್ನೇ ಹಿಡಿಯುವ ಶಿಸ್ತು ಬೇಕು.

ನಿಮ್ಮ ವಿಷಯದಲ್ಲಂತೂ ನನಗೆ ಒಂದು ಸಂಗತಿ ಕಣ್ಣಿಗೆ ಹೊಡೆಯುತ್ತಿದೆ. ಫಲಿತಾಂಶ ಒಮ್ಮೆ ಪ್ರಕಟವಾದ ಮೇಲೆ ಆ ದಿನ ಬದಲಾಗುವುದಿಲ್ಲ ಅಲ್ವಾ? ಮತ್ತೆ ಪ್ರತಿ ರಿಫ್ರೆಶ್‌ಗೂ ಡೇಟಾಬೇಸ್‌ಗೆ ಯಾಕೆ ಹೋಗಬೇಕು? ಹಿಂದಿನ ರಾತ್ರಿಯೇ ಒಬ್ಬೊಬ್ಬ ವಿದ್ಯಾರ್ಥಿಗೂ ಒಂದು ಸಣ್ಣ ಫೈಲ್ ಮಾಡಿ ಬೀಗ ಹಾಕಿಡಿ. 11ಕ್ಕೆ ಬೀಗ ತೆಗೆಯಿರಿ, ಸಿಡಿಎನ್ (ಹಲವು ಕಡೆ ಇರುವ ಸರ್ವರ್‌ಗಳಿಂದ ಫೈಲ್ ಹಂಚುವ ಜಾಲ) ಅದನ್ನು ಹಂಚಲಿ. ರಿಜಿಸ್ಟರ್ ನಂಬರ್ ಒಂದೇ ಗೊತ್ತಿದ್ದರೆ ಬೇರೆಯವರು ಊಹಿಸಿ ತೆರೆಯುವ ಹಾಗಿರಬಾರದು, ಅದನ್ನು ಭದ್ರತೆಯವರ ಜೊತೆ ಕೂತು ಸರಿ ಮಾಡಿ. ಕೆಲಸವನ್ನು ವೇಗವಾಗಿ ಮಾಡುವುದಕ್ಕಿಂತ ಕೆಲಸವನ್ನೇ ಇಲ್ಲವಾಗಿಸುವುದು ಯಾವಾಗಲೂ ದೊಡ್ಡ ಗೆಲುವು.

ಇನ್ನು ಲೆಕ್ಕ. ಕಡಿಮೆಯಾದ ಸರ್ವರ್‌ಗಳ ಬಾಡಿಗೆ ತೋರಿಸಿ, ಅದು ಸುಲಭ. ಆದರೆ ಅದೊಂದನ್ನೇ ತೋರಿಸಿದರೆ ಮುಂದಿನ ಸಲ "ಇನ್ನೂ ಕಡಿಮೆ ಮಾಡಿ" ಎನ್ನುತ್ತಾರೆ. ಉಳಿದ ಮಶೀನ್‌ಗಳು 90% ತುಂಬುವಷ್ಟು ಸರ್ವರ್‌ಗಳನ್ನು ಕಡಿಮೆ ಮಾಡಲು ಒಪ್ಪಬೇಡಿ. ಸಾಲಿನ ಸರಳ ಲೆಕ್ಕದ ಪ್ರಕಾರ 50% ಬಳಕೆಯಲ್ಲಿ ಉತ್ತರಕ್ಕೆ ಖಾಲಿ ಇದ್ದಾಗಿನ ಎರಡು ಪಟ್ಟು ಸಮಯ, 80%ನಲ್ಲಿ ಐದು ಪಟ್ಟು, 90%ನಲ್ಲಿ ಹತ್ತು ಪಟ್ಟು. ಆ ಖಾಲಿ ಜಾಗ ದುಂದು ಅಲ್ಲ. ಇದರ ಜೊತೆಗೆ ಫೀಸು ಕಟ್ಟಲು ಶುರು ಮಾಡಿದವರಲ್ಲಿ ಎಷ್ಟು ಜನ ಮುಗಿಸಿದರು, 99ನೇ ಪರ್ಸೆಂಟೈಲ್‌ನಲ್ಲಿ ಎಷ್ಟು ಕಾದರು ಎಂಬ ಎರಡು ಗೆರೆ ತೋರಿಸಿ.

"ನೂರರಲ್ಲಿ ಒಬ್ಬರಿಗೆ ತಾನೇ ನಿಧಾನ" ಅಂತ ಯಾರಾದರೂ ಹೇಳಿದರೆ, ಗೂಗಲ್‌ನ ಜೆಫ್ ಡೀನ್ ಮತ್ತು ಲೂಯಿಸ್ ಬರೋಸೊ 2013ರಲ್ಲಿ ಕೊಟ್ಟ ಉದಾಹರಣೆ ಹೇಳಿ. ಒಂದೊಂದು ಸರ್ವರ್ ನೂರರಲ್ಲಿ ಒಂದು ಸಲ ಮಾತ್ರ ಒಂದು ಸೆಕೆಂಡ್ ತಡ ಮಾಡುತ್ತದೆ. ಆದರೆ ಒಂದು ಪೇಜ್‌ಗೆ ಅಂಥ 100 ಸರ್ವರ್‌ಗಳ ಉತ್ತರ ಬೇಕಿದ್ದರೆ 63% ಜನರಿಗೆ ಒಂದು ಸೆಕೆಂಡಿಗಿಂತ ಜಾಸ್ತಿ ಹಿಡಿಯುತ್ತದೆ.

ಪ್ರಶ್ನೆ (ಮೊದಲು ಕೇಳಿದವರು, ಐದು ವಾರದ ನಂತರ):

ಮೇಡಂ, ಇಬ್ಬರಿಂದ ಶುರು ಮಾಡಿದೆವು. ಕನೆಕ್ಷನ್ ಪೂಲ್ 20 ಇತ್ತು, ನಿಮ್ಮ ಊಹೆ ಸರಿ. ಫೈಲ್ ಮಾಡಿಡುವ ಕೆಲಸ ಫಲಿತಾಂಶದ ಟೀಮಿನವರೇ ಹಿಡಿದಿದ್ದಾರೆ. ಈಗ ಪ್ರತಿ ಬಿಲ್ಡ್‌ಗೂ ತಾನಾಗಿ ಓಡುವ ಟೆಸ್ಟ್ ಹಾಕಿದ್ದೇವೆ. 10% ನಿಧಾನವಾದರೆ ಎಚ್ಚರಿಕೆ ಬರುತ್ತದೆ. ಆದರೆ ದಿನಕ್ಕೆ ನಾಲ್ಕು ಸಲ ಸುಳ್ಳು ಎಚ್ಚರಿಕೆ. ಡೆವಲಪರ್‌ಗಳು ನೋಡುವುದನ್ನು ಬಿಡುತ್ತಿದ್ದಾರೆ.

ಉತ್ತರ:

ತುಂಬಾ ಖುಷಿಯಾಯಿತು. ಎಚ್ಚರಿಕೆಯನ್ನು ಇವತ್ತೇ ನಿಲ್ಲಿಸಿ. ಸುಳ್ಳು ಹೇಳುವ ಗಂಟೆಯನ್ನು ಜನ ಒಮ್ಮೆ ಕಡೆಗಣಿಸಿದರೆ ಮತ್ತೆ ನಂಬಿಸುವುದು ಬಹಳ ಕಷ್ಟ.

ಕೋಡ್ ಒಂದು ಅಕ್ಷರವನ್ನೂ ಬದಲಿಸದೆ, ಅದೇ ಬಿಲ್ಡನ್ನು 10 ಸಲ ಓಡಿಸಿ. ಬಂದ ಸಂಖ್ಯೆಗಳೇ 15% ಹೆಚ್ಚು ಕಡಿಮೆ ಇದ್ದರೆ 10% ಗೆರೆಗೆ ಅರ್ಥವೇ ಇಲ್ಲ. ಮೊದಲು ಆ ಅಲುಗಾಟ ಕಡಿಮೆ ಮಾಡಿ. ಕ್ಲೌಡ್‌ನಲ್ಲಿ ಅದೇ ಮಶೀನಿನಲ್ಲಿ ಬೇರೆಯವರ ಕೆಲಸವೂ ಓಡುತ್ತಿರಬಹುದು, ಟೆಸ್ಟ್‌ಗೆ ಪ್ರತ್ಯೇಕ ಮಶೀನ್ ಇಡಿ. ಜಾವಾ ಓಡುತ್ತಾ ಓಡುತ್ತಾ ವೇಗ ಹಿಡಿಯುತ್ತದೆ, ಹಾಗಾಗಿ ಜಾವಾ ಆದರೆ ಮೊದಲ ಕೆಲವು ನಿಮಿಷ ಬಿಸಿಯಾಗಲು ಬಿಟ್ಟು ಆಮೇಲಿನದನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳಿ. ಅದಾದ ಮೇಲೆ ಹಿಂದಿನ ಒಂದೇ ಬಿಲ್ಡ್ ಜೊತೆ ಹೋಲಿಸುವುದನ್ನು ಬಿಡಿ. ಹಲವು ದಿನಗಳ ಸಂಖ್ಯೆಗಳನ್ನು ಸಾಲಾಗಿಟ್ಟು, ಮಟ್ಟ ಎಲ್ಲಿ ನಿಜವಾಗಿ ಬದಲಾಯಿತು ಅಂತ ಹುಡುಕುವ ವಿಧಾನ ಇದೆ, ಚೇಂಜ್ ಪಾಯಿಂಟ್ ಪತ್ತೆ ಅಂತ. ಡೇಟಾಬೇಸ್ ಕಂಪನಿ ಮಂಗೋಡಿಬಿಯವರು ತಮ್ಮಲ್ಲಿ ಇದನ್ನು ಬಳಸಿದ್ದನ್ನು 2020ರಲ್ಲಿ ವಿವರವಾಗಿ ಪ್ರಕಟಿಸಿದ್ದಾರೆ. ಎಚ್ಚರಿಕೆ ಒಂದೆರಡು ದಿನ ತಡವಾಗಿ ಬರುತ್ತದೆ, ಆದರೆ ಬಂದಿದ್ದು ಹೆಚ್ಚಾಗಿ ನಿಜವಾಗಿರುತ್ತದೆ. ಅದನ್ನು ನಿಮ್ಮ ಇಬ್ಬರಲ್ಲಿ ಒಬ್ಬರು ಮೊದಲು ನೋಡಿ, ಖಚಿತವಾದರೆ ಮಾತ್ರ ಡೆವಲಪರ್‌ಗೆ ಕಳಿಸಲಿ, ಜೊತೆಗೆ ಫ್ಲೇಮ್ ಗ್ರಾಫ್ ಇರಲಿ.

ಆ 10 ಸಲ ಓಡಿಸುವಾಗ ಪ್ರತಿ ಸಲ ಎಷ್ಟು ಗಂಟೆಗೆ ಶುರುವಾಯಿತು ಅಂತಲೂ ಬರೆದಿಡಿ. ಡೇಟಾಬೇಸ್ ಬ್ಯಾಕಪ್ ಎಷ್ಟು ಗಂಟೆಗೆ ಇದೆ ಅಂತ ಕೇಳಿಕೊಂಡು ಬನ್ನಿ. ಎರಡನ್ನೂ ಇಲ್ಲೇ ಹಾಕಿ, ಒಟ್ಟಿಗೆ ನೋಡೋಣ.